ಅಂಟು ಮೊಗ್ಗಿನ ಆ ಮರ ಯಾವುದು?

ಪ್ರಶ್ನೆ: ಮಗಳ ಮನೆಗೆಂದು ಕೆನಡಾದ ಎಡ್ಮಂಟನ್‌ಗೆ ಹೋಗಿದ್ದೆವು. ಮೇ ತಿಂಗಳಲ್ಲಿ ನದಿ ದಂಡೆಯಲ್ಲಿ ಓಡಾಡುವಾಗ ಸಾಂಬ್ರಾಣಿಯಂಥ ಘಮ ಬರುತ್ತಿತ್ತು. ಮೊಗ್ಗು ಮುಟ್ಟಿದರೆ ಕೈಯೆಲ್ಲ ಅಂಟು. ಅಲ್ಲಿನವರು ಪಾಪ್ಲರ್ ಅಂದರು. ಇದರಿಂದ ಏನು ಉಪಯೋಗ? ನಮ್ಮ ತೋಟದಲ್ಲಿ ಬೆಳೆಯಬಹುದಾ?
– ಓದುಗರೊಬ್ಬರು, ಹಾಸನ

ಉತ್ತರ: ನೀವು ಹೇಳುವ ಗುರುತು ನೋಡಿದರೆ ಅದು ಬಾಲ್ಸಮ್ ಪಾಪ್ಲರ್. ಅಲಾಸ್ಕಾದಿಂದ ನ್ಯೂಫೌಂಡ್‌ಲ್ಯಾಂಡ್‌ವರೆಗೂ ಇದೆ. ಉತ್ತರ ಅಮೆರಿಕದಲ್ಲಿ ಎಲೆ ಉದುರಿಸುವ ಮರಗಳಲ್ಲಿ ಇದರಷ್ಟು ಉತ್ತರಕ್ಕೆ ಹೋಗಿ ಬೆಳೆಯುವ ದೊಡ್ಡ ಮರ ಇನ್ನೊಂದಿಲ್ಲ. ನೀರಿನ ಪಸೆ ಇರುವ ಜಾಗ ಇದಕ್ಕೆ ಇಷ್ಟ, ಅದಕ್ಕೇ ನಿಮಗೆ ನದಿ ದಂಡೆಯಲ್ಲಿ ಸಿಕ್ಕಿದ್ದು. ಮತ್ತೆ ಹೋದಾಗ ಎಲೆ ತಿರುಗಿಸಿ ನೋಡಿ: ಮೇಲೆ ಮಿರಮಿರ ಕಡುಹಸಿರು, ಅಡಿಯಲ್ಲಿ ಮಾಸಲು ಬಣ್ಣ, ಅದರ ಮೇಲೆ ಅಲ್ಲಲ್ಲಿ ತುಕ್ಕಿನ ಬಣ್ಣದ ಕಲೆ. ಆ ಕಲೆಯೂ ಅದೇ ಅಂಟಿನದು.

ನನ್ನ ಪ್ರಕಾರ ಈ ಮರದ ನಿಜವಾದ ಆಸ್ತಿ ಆ ಅಂಟೇ. ಮೊಗ್ಗಿನೊಳಗಿನ ಎಳೆ ಎಲೆಯನ್ನು ಅದು ಕಾಪಾಡುತ್ತದೆ. ಜೇನುನೊಣಗಳು ಅದನ್ನು ಕೆರೆದು ಹಿಂಗಾಲಿಗೆ ಮೆತ್ತಿಕೊಂಡು ಹೋಗಿ ಗೂಡಿನ ಬಿರುಕು ಮುಚ್ಚುತ್ತವೆ, ಅಂಗಡಿಯಲ್ಲಿ ಪ್ರೋಪೋಲಿಸ್ ಅಂತ ಮಾರುತ್ತಾರಲ್ಲ, ಅದು ಇಂಥ ಅಂಟಿನಿಂದ ಆಗುವಂಥದ್ದು. ಅಲ್ಲಿನ ಮೂಲನಿವಾಸಿಗಳು ಮೊಗ್ಗನ್ನು ಕೊಬ್ಬಿನಲ್ಲಿ ಕಾಯಿಸಿ ಗಾಯಕ್ಕೆ, ನೋವಿಗೆ ಮುಲಾಮು ಮಾಡುತ್ತಿದ್ದರು. ಸುಮ್ನೆ ನಂಬಿಕೆಯಲ್ಲ, ಇದರಲ್ಲಿ ಆಸ್ಪಿರಿನ್‌ಗೆ ಹತ್ತಿರದ ಸ್ಯಾಲಿಸಿನ್ ಇದೆ. ಹಾಗಾಗಿ ಆಸ್ಪಿರಿನ್ ಅಥವಾ ಪ್ರೋಪೋಲಿಸ್ ಒಗ್ಗದವರು ಇದನ್ನು ಮುಟ್ಟಬೇಡಿ.

ಮರ ಮೆದು, ಹಗುರ. ಕಾಗದದ ತಿರುಳು, ಹಲಗೆ, ಪೆಟ್ಟಿಗೆಗೆ ಹೋಗುತ್ತದೆ. ಸೌದೆಗೆ ಅಷ್ಟಕ್ಕಷ್ಟೇ.

ಹಾಸನದಲ್ಲಿ? ಬೇಡ. ಇದಕ್ಕೆ ಎಲೆ ಉದುರಿಸಿ ಮಲಗಲು ಉದ್ದದ, ಕೊರೆಯುವ ಚಳಿ ಬೇಕು, ನಮ್ಮಲ್ಲಿ ಅದೆಲ್ಲಿಂದ ಬರಬೇಕು? ಪಂಜಾಬ್, ಹರಿಯಾಣದಲ್ಲಿ ಬೆಳೆಯುವುದು ಇದರ ದಾಯಾದಿ, ಬೇರೆ ಜಾತಿಯ ಪಾಪ್ಲರ್. ಅಲ್ಲಿ ಚಳಿಗಾಲದಲ್ಲಿ ಮರ ಬೋಳಾಗುವುದರಿಂದ ಸಾಲಿನ ನಡುವಿನ ಗೋಧಿಗೆ ಬಿಸಿಲು ಸಿಗುತ್ತದೆ, ಮರ ಯಮುನಾನಗರದ ಪ್ಲೈವುಡ್ ಕಾರ್ಖಾನೆಗಳಿಗೆ ಹೋಗುತ್ತದೆ. ಕೆನಡಾದಿಂದ ಒಂದು ಕಡ್ಡಿ ಮುರಿದು ಬ್ಯಾಗಿನಲ್ಲಿಟ್ಟು ತರುವ ಯೋಚನೆಯಂತೂ ಮಾಡಲೇಬೇಡಿ, ಅನುಮತಿ ಮತ್ತು ತಪಾಸಣೆ ಇಲ್ಲದೆ ತಂದರೆ ಜೊತೆಗೆ ರೋಗವೂ ಬರಬಹುದು. ಪ್ಲೈವುಡ್ಡಿಗೇ ಮರ ಬೇಕಿದ್ದರೆ ಹೆಬ್ಬೇವು ಹಾಕಿ, ಬೇಗ ಬೆಳೆಯುತ್ತದೆ, ನಮ್ಮ ಹವೆಗೂ ಒಗ್ಗುತ್ತದೆ.