ಲೀನ್ ಒಪ್ಪಿದರೆ ಸಾಕೇ?

ಪ್ರಶ್ನೆ: ನಾನು ಎಂ.ಎಸ್ಸಿ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿನಿ. ಗಣಿತದ ಸಾಧನೆಗಳನ್ನು (ಪ್ರಮೇಯಗಳ ಪುರಾವೆಗಳನ್ನು) ಪರಿಶೀಲಿಸುವ ‘ಲೀನ್’ ಎಂಬ ತಂತ್ರಾಂಶದಿಂದ ನಮ್ಮ ವಿಷಯಕ್ಕೆ ಉಪಯೋಗವಿದೆಯೇ ಸರ್? ಅದು ಒಪ್ಪಿದ್ದನ್ನೆಲ್ಲ ನಂಬಬಹುದೇ?
– ಓದುಗರು, ಧಾರವಾಡ

ಉತ್ತರ: ಉಪಯೋಗವಿದೆಯಮ್ಮ, ನಮ್ಮ ವಿಷಯಕ್ಕಂತೂ ಬಹಳ. ‘ಸೂಕ್ತ ನಿಬಂಧನೆಗಳಿಗೆ ಒಳಪಟ್ಟು’ ಎಂದು ಬರೆದು ಮುಂದೆ ಸಾಗುವ ಚಾಳಿ ನಮ್ಮ ಪಠ್ಯಪುಸ್ತಕಗಳಿಗೆ ಅಂಟಿಕೊಂಡಿದೆ. ಇಷ್ಟು ವರ್ಷ ಪಾಠ ಹೇಳಿದ ಮೇಲೂ ಆ ಸಾಲು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1945ರಲ್ಲಿ ಪ್ರಕಟಿಸಿದ, ಇಂದು ಕ್ರಾಮೆರ್–ರಾವ್ ಹೆಸರಿನಲ್ಲಿರುವ ಅಸಮತೆಯನ್ನೇ ನೋಡಿ. ಪಕ್ಷಪಾತವಿಲ್ಲದ, ಅಂದರೆ ಸರಾಸರಿಯಲ್ಲಿ ನಿಜ ಬೆಲೆಯನ್ನೇ ಕೊಡುವ ಅಂದಾಜಿನ ವೇರಿಯೆನ್ಸ್ (ಚದುರುವಿಕೆಯ ಅಳತೆ) ಒಂದು ಮಿತಿಗಿಂತ ಕೆಳಗಿಳಿಯದು ಎನ್ನುತ್ತದೆ ಅದು. ಸಾಧನೆಯ ನಡುವೆ ಅವಕಲನವನ್ನು (ಡಿಫರೆನ್ಸಿಯೇಶನ್) ಅನುಕಲನದ (ಇಂಟಿಗ್ರೇಶನ್) ಒಳಕ್ಕೆ ಸರಿಸುತ್ತೇವಲ್ಲ, ಲೀನ್ ಅಲ್ಲೇ ತಡೆಯುತ್ತದೆ. ಹಾಗೆ ಸರಿಸಲು ಅದರ ‘ಮ್ಯಾಥ್‌ಲಿಬ್’ ಭಂಡಾರದಲ್ಲಿ ಪ್ರಮೇಯವೊಂದಿದೆ; ಆದರೆ ಅವಕಲನವನ್ನು ಮೇಲಿನಿಂದ ಹಿಡಿದಿಡುವ, ಅನುಕಲನಕ್ಕೆ ಒಗ್ಗುವ ಉತ್ಪನ್ನವೊಂದನ್ನು (ಫಂಕ್ಷನ್) ಮೊದಲು ತೋರಿಸಬೇಕು. ಈ ಹಟ ಸುಮ್ಮನೆ ಅಲ್ಲ. ಸೊನ್ನೆಯಿಂದ ಥೀಟಾ ಎಂಬ ಗೊತ್ತಿಲ್ಲದ ಸಂಖ್ಯೆಯವರೆಗಿನ ಏಕರೂಪ ವಿತರಣೆಯಿಂದ 10 ಮಾದರಿಗಳನ್ನು ತೆಗೆದುಕೊಳ್ಳಿ. ಸೂತ್ರವನ್ನು ಯೋಚಿಸದೆ ಹಾಕಿದರೆ ಮಿತಿಯು ಥೀಟಾ ವರ್ಗದ 10ನೇ ಒಂದು ಭಾಗ. ಮಾದರಿಗಳಲ್ಲಿ ಗರಿಷ್ಠವಾದುದನ್ನು 11/10ರಿಂದ ಗುಣಿಸಿದರೆ ಪಕ್ಷಪಾತವಿಲ್ಲದ ಅಂದಾಜು ಸಿಗುತ್ತದೆ. ಅದರ ವೇರಿಯೆನ್ಸ್ ಥೀಟಾ ವರ್ಗದ 120ನೇ ಒಂದು ಭಾಗ ಮಾತ್ರ! ವಿತರಣೆಯ ಅಂಚೇ ಥೀಟಾದೊಂದಿಗೆ ಸರಿಯುವುದರಿಂದ ಇಲ್ಲಿ ಅಸಮತೆಯೇ ಅನ್ವಯಿಸುವುದಿಲ್ಲ.

ದೊಡ್ಡ ಪ್ರಮೇಯಗಳೂ ಈ ಪರೀಕ್ಷೆ ದಾಟಿವೆ. ಕೇಂದ್ರ ಮಿತಿ ಪ್ರಮೇಯವನ್ನು ಅವಿಗಾಡ್, ಹೋಲ್ಜ್ಲ್, ಸೆರಾಫಿನ್ ಲೀನ್‌ನಂಥದೇ ಇನ್ನೊಂದು ತಂತ್ರಾಂಶವಾದ ‘ಇಸಬೆಲ್’ನಲ್ಲಿ ಸಾಧಿಸಿದರು.

ಇನ್ನು ನಂಬಿಕೆಯ ಮಾತು. ತರ್ಕದ ಹೆಜ್ಜೆಗಳನ್ನು ಧಾರಾಳವಾಗಿ ನಂಬಿ. ಹೇಳಿಕೆಯನ್ನು ಮಾತ್ರ ನೀವೇ ಓದಬೇಕು. ಮ್ಯಾಥ್‌ಲಿಬ್‌ನಲ್ಲಿ ಅನುಕಲನ ಸಾಧ್ಯವಿಲ್ಲದ ಉತ್ಪನ್ನದ ಅನುಕಲನ ಸೊನ್ನೆ ಎಂದೇ ವ್ಯಾಖ್ಯೆ. ಹೀಗಾಗಿ ಸರಾಸರಿಯೇ ಇಲ್ಲದ ಕೌಶಿ ವಿತರಣೆಯ ಸರಾಸರಿ ಸೊನ್ನೆ ಎಂದು ಬರೆದರೂ ಲೀನ್ ತಕರಾರಿಲ್ಲದೆ ಒಪ್ಪುತ್ತದೆ. ಅದರ ವ್ಯಾಖ್ಯೆಯ ಪ್ರಕಾರ ಅದು ಸರಿ, ನಮ್ಮ ಅರ್ಥದಲ್ಲಿ ಅಲ್ಲ.

ತಂತ್ರಾಂಶ ಉಚಿತ. ಚಲಕವು ಸರಾಸರಿಯಿಂದ ದೂರ ಸರಿಯುವ ಸಂಭವಕ್ಕೆ ವೇರಿಯೆನ್ಸ್ ಮೂಲಕ ಮಿತಿ ಹಾಕುವ ಚೆಬಿಶೆವ್ ಅಸಮತೆಯಿಂದ ಆರಂಭಿಸಿ. ಮ್ಯಾಥ್‌ಲಿಬ್‌ನಲ್ಲಿ ಅದು ಈಗಾಗಲೇ ಇದೆ, ಚಲಕದ ವರ್ಗಕ್ಕೆ ಪರಿಮಿತ ಸರಾಸರಿ ಇರಬೇಕೆಂಬ ನಿಬಂಧನೆಯೊಂದಿಗೆ. ಅದನ್ನು ಕಿತ್ತು ಹಾಕಿದರೆ ಏನಾಗುತ್ತದೆ ಎಂದು ಪ್ರಯತ್ನಿಸಿ: ಅನಂತವಾದ ವೇರಿಯೆನ್ಸನ್ನೂ ಮ್ಯಾಥ್‌ಲಿಬ್ ಸೊನ್ನೆ ಎಂದೇ ಎಣಿಸುವುದರಿಂದ ಅಸಮತೆ ಸುಳ್ಳಾಗುತ್ತದೆ, ಲೀನ್ ನಿಮ್ಮನ್ನು ಮುಂದೆ ಬಿಡುವುದಿಲ್ಲ.