ಹರಡಿದ್ದು ಬೇರೆ, ಗಲೀಜು ಬೇರೆ

ಎರಡು ಮತ್ತು ಐದು ವರ್ಷದ ಗಂಡುಮಕ್ಕಳು, ಎಷ್ಟು ಎತ್ತಿಟ್ಟರೂ ಹಾಲ್ ಸಂತೆಯ ಹಾಗೆ ಇರುತ್ತದೆ, ಚಿಂತಾಮಣಿಯಿಂದ ಅತ್ತೆ ಬಂದರೆ ನಾಚಿಕೆ, ಏನು ಮಾಡಲಿ ಅಂತ ಕೇಳಿದ್ದೀರಲ್ವಾ.

ನಮ್ಮದು ತುಮಕೂರು, ಕ್ಯಾತ್ಸಂದ್ರದ ಹತ್ತಿರ. ನಮ್ಮನೆ ಗೋಡೆಯಲ್ಲಿ ಮೂರಡಿವರೆಗೆ ಬರೀ ಕ್ರೇಯಾನ್ ಗೀಚು. ಅದರ ಮೇಲೆ ಸ್ವಚ್ಛ, ಕೈ ಎಟುಕುವುದಿಲ್ಲ ಅಷ್ಟೇ. ಮೊನ್ನೆ ಸೋಫಾ ಸಂದಿಯಲ್ಲಿ ಅರ್ಧ ತಟ್ಟೆ ಇಡ್ಲಿ ಸಿಕ್ಕಿತು, ಒಣಗಿ ಕಲ್ಲಾಗಿತ್ತು!

ಎಂಜಲು ತಟ್ಟೆ, ಒದ್ದೆ ಬಟ್ಟೆ, ಬಕೆಟ್ಟಿನಲ್ಲಿ ನಿಂತ ನೀರು ಗಲೀಜು. ಅದನ್ನು ಆಗಲೇ ತೆಗೆಯಬೇಕು, ಡೆಂಗಿ ಸೊಳ್ಳೆಗೆ ಅಂಥ ನೀರೇ ಸಾಕು. ಆಟದ ಸಾಮಾನು ಸುಮ್ನೆ ಬಿದ್ದಿರಲಿ ಬಿಡಿ. ಆದರೆ ಚಿಕ್ಕವನು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸು. ದೊಡ್ಡವನ ಚೌಕಾಬಾರದ ಹುಣಸೆ ಬೀಜ, ಕಡಲೆಕಾಯಿ ಬೀಜ, ರಿಮೋಟಿನ ಬಟನ್ ಸೆಲ್ ಎತ್ತರದಲ್ಲಿಡಿ. ಆ ಸೆಲ್ ಗಂಟಲಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಅನ್ನನಾಳ ಸುಡಬಹುದು. ನುಂಗಿದ ಅನುಮಾನ ಬಂದರೂ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಅತ್ತೆ ಬಂದಾಗ ಕೂರಲು ಒಂದು ಜಾಗ ಖಾಲಿ ಮಾಡಿ, ಕಾಫಿ ಕೊಡಿ. ನಮ್ಮತ್ತೆ ಬಂದವರೇ ಮೊಮ್ಮಗನ ಜೊತೆ ನೆಲದ ಮೇಲೆ ಕೂತು, ತಾವೂ ಇನ್ನೊಂದಿಷ್ಟು ಹರಡಿ ಹೋದರು.