ಮಗಳಿಗೆ ಒಂಬತ್ತು ವರ್ಷ. ಜಿಮ್ನಾಸ್ಟಿಕ್ಸ್‌ಗೆಂದು ತೀರ್ಥಹಳ್ಳಿ ಬಿಟ್ಟು ಬೆಂಗಳೂರಿಗೆ ಹೋಗಬೇಕಾ? ಈಗಾಗಲೇ ತಡವಾಯಿತಾ?

ಜಿಲ್ಲಾ ಮಟ್ಟದಲ್ಲಿ ಗೆದ್ದಿದ್ದಾಳೆ, ಹಿಂದಕ್ಕೆ ಜಿಗಿದು ಕೈಯೂರಿ ಮತ್ತೆ ಕಾಲಿಗೆ ಬರುವ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ತಾನೇ ಕಲಿತಿದ್ದಾಳೆ, ಕೈಯೂರದೆ ಗಾಳಿಯಲ್ಲೇ ಹಿಂದಕ್ಕೆ ಉರುಳುವ ಬ್ಯಾಕ್ ಟಕ್ ಬೇಗ ಕಲಿಸುವವರು ಬೇಕು ಅಂದಿದ್ದೀರಿ. ಓದಿದರೆ ಸಾಗರದಲ್ಲಿ ನಾನಿದ್ದ ಸ್ಥಿತಿಯನ್ನೇ ಯಾರೋ ಬರೆದ ಹಾಗಿದೆ. ನನಗೂ ಶಾಲೆಯ ಅಂಗಳದಲ್ಲಿ, ನಾರಿನ ಹಾಸಿಗೆ ಮೇಲೆ, ಹಿಮ್ಮುಖ ಲಾಗ ಮೊದಲು ಬಂತು. ಓಡಿ ಬಂದು ಪಕ್ಕಕ್ಕೆ ಕೈಯೂರಿ, ಅರ್ಧ ತಿರುಗಿ ಎರಡೂ ಪಾದ ಜೋಡಿಸಿ ಇಳಿಯುವ ರೌಂಡ್-ಆಫ್ ಆಮೇಲೆ ಬಂತು, ಅದೂ ಅರ್ಧಂಬರ್ಧ. ರಾಜ್ಯ ಮಟ್ಟದವರೆಗೆ ಅದರಲ್ಲೇ ನಡೆಯಿತು. ಜೂನಿಯರ್ ರಾಷ್ಟ್ರೀಯ ತಂಡದ ಆಯ್ಕೆಯಲ್ಲಿ ನಿಂತುಹೋಯಿತು. ನಿಲ್ಲಿಸಿದ್ದು ಆ ರೌಂಡ್-ಆಫೇ. ಬೆಂಗಳೂರಿನ ಮಾತು ಆಮೇಲೆ ಆಡೋಣ, ಮೊದಲು ಇದನ್ನು ಪೂರ್ತಿ ಹೇಳಿಬಿಡುತ್ತೇನೆ.

ಮುಂದಕ್ಕೆ ಓಡಿ ಬಂದ ವೇಗವನ್ನು ಹಿಮ್ಮುಖ ವೇಗವಾಗಿ ಬದಲಿಸುವುದು ರೌಂಡ್-ಆಫ್‌ನ ಕೆಲಸ. ಫ್ಲೋರ್ ವಿಭಾಗದಲ್ಲಿ ಮುಂದೆ ಬರುವ ಹಿಮ್ಮುಖ ಲಾಗಗಳೆಲ್ಲ ಇದರ ಮೇಲೆ ನಿಂತಿವೆ. ಎಡಗಾಲು ಮುಂದಿಡುವ ಮಗುವಾದರೆ ಎಡಗೈ ಮೊದಲು ನೆಲಕ್ಕೆ ಬರಬೇಕು, ಬೆರಳುಗಳು ಪಕ್ಕಕ್ಕೆ ನೋಡಬೇಕು. ಎರಡನೆಯ ಕೈ ಇನ್ನೂ ಒಳಕ್ಕೆ ತಿರುಗಿ, ಅದರ ಬೆರಳು ಮೊದಲ ಕೈಯತ್ತ ನೋಡಬೇಕು. ಎರಡೂ ಕೈ ಓಟದ ಗೆರೆಯ ಮೇಲೇ ಇರಬೇಕು, ಮುಂದಿನ ಪಾದದಿಂದ ಸಾಕಷ್ಟು ದೂರ. ತೋಳು ಕಿವಿ ಬಿಡಬಾರದು. ಕಾಲುಗಳು ಹ್ಯಾಂಡ್‌ಸ್ಟ್ಯಾಂಡ್, ಅಂದರೆ ತಲೆಕೆಳಗಾಗಿ ಕೈ ಮೇಲೆ ನಿಂತ ಭಂಗಿ, ದಾಟುವಾಗಲೇ ಒಂದಕ್ಕೊಂದು ಸೇರಬೇಕು. ಪಾದ ನೆಲಕ್ಕೆ ತಾಗುವ ಮುಂಚೆಯೇ ಭುಜ ನೆಲವನ್ನು ತಳ್ಳಿ ಕೈ ಎದ್ದಿರಬೇಕು. ಪಾದ ತಾಗುವ ಹೊತ್ತಿಗೆ ಎದೆ ಮೇಲೆ ಬಂದಿರಬೇಕು.

ತಪ್ಪುವುದು ಎಲ್ಲಿ ಗೊತ್ತಾ? ಕೈ ಪಾದದ ಹತ್ತಿರವೇ ಬೀಳುತ್ತದೆ. ಹತ್ತಿರ ಬಿದ್ದರೆ ಸೊಂಟ ಮಡಚುತ್ತದೆ, ಭುಜ ಮುಂದಕ್ಕೆ ಜಾರುತ್ತದೆ, ತಳ್ಳಲು ಏನೂ ಉಳಿಯುವುದಿಲ್ಲ. ಪಾದ ಬಂದು ಕೂತಾಗ ಕೈ ಇನ್ನೂ ನೆಲದಲ್ಲೇ, ಎದೆ ಮೊಣಕಾಲ ಹತ್ತಿರ. ಓಟದ ವೇಗ ಅಲ್ಲೇ ಸಾಯುತ್ತದೆ. ಆದರೂ ಮಗು ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಹೊಡೆಯುತ್ತದೆ! ಹೇಗೆ? ತಲೆಯನ್ನು ಹಿಂದಕ್ಕೆ ಎಸೆದು, ಸೊಂಟವನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಎತ್ತರಕ್ಕೆ ಜಿಗಿದು, ಗಿಡ್ಡವಾಗಿ ಕೈಗಳ ಮೇಲೆ ಬಿದ್ದು. ನೋಡುವವರಿಗೆ ಚಪ್ಪಾಳೆ ಹೊಡೆಯುವಂತೆಯೇ ಕಾಣುತ್ತದೆ. ಒಳಗೆ ಮೊಣಕೈ ಮಡಚಿರುತ್ತದೆ, ಮಣಿಕಟ್ಟಿನ ಮೇಲೆ ಭಾರ ಬಿದ್ದಿರುತ್ತದೆ, ಕೆಳಬೆನ್ನು ಪ್ರತಿ ಸಲವೂ ಹೊಡೆತ ತಿಂದಿರುತ್ತದೆ.

ಮೆತ್ತನೆಯ ಹಾಸಿಗೆ ಈ ತಪ್ಪನ್ನು ಕಲಿಸಿಕೊಡುತ್ತದೆ. ಕೈ ಅದರಲ್ಲಿ ಹೂತುಹೋಗುವುದರಿಂದ ಭುಜದಿಂದ ತಳ್ಳಿದರೂ ನೆಲ ತಿರುಗಿ ತಳ್ಳುವುದಿಲ್ಲ. ಹಾಗಾಗಿ ಮಗು ಸೊಂಟದಿಂದ ಎಳೆದುಕೊಂಡು ಏಳುವುದನ್ನು ಕಲಿಯುತ್ತದೆ. ಸಾವಿರ ಸಲ ಹಾಗೆ ಮಾಡಿದ ಮೇಲೆ ಸ್ಪ್ರಿಂಗ್ ಫ್ಲೋರ್ ಮೇಲೆ ನಿಲ್ಲಿಸಿದರೂ ಮೈ ಹಳೆಯದನ್ನೇ ಮಾಡುತ್ತದೆ. ಅಭ್ಯಾಸದಲ್ಲಿ ತಿದ್ದಿಕೊಂಡದ್ದು ಸ್ಪರ್ಧೆಯಲ್ಲಿ, ಎದೆ ಡವಗುಟ್ಟುವಾಗ, ಮತ್ತೆ ಹಳೆಯದಕ್ಕೇ ಹೋಗುತ್ತದೆ. ಹೊಸದಾಗಿ ಕಲಿಯುವುದಕ್ಕಿಂತ ಕಲಿತದ್ದನ್ನು ಮರೆಸುವುದಕ್ಕೆ ಹೆಚ್ಚು ಕಾಲ ಬೇಕು. ಜೂನಿಯರ್ ವಯಸ್ಸಿನಲ್ಲಿ ಅಷ್ಟು ಕಾಲ ಇರುವುದಿಲ್ಲ.

ಇದರ ನಿಜವಾದ ಬೆಲೆ ಗೊತ್ತಾಗುವುದು ವಾಲ್ಟ್‌ನಲ್ಲಿ, ಅಂದರೆ ಓಡಿ ಬಂದು ಟೇಬಲ್ ಮೇಲೆ ಕೈಯೂರಿ ಹಾರುವ ವಿಭಾಗದಲ್ಲಿ. ಯೂರ್ಚೆಂಕೊ ಜಾತಿಯ ವಾಲ್ಟ್‌ನಲ್ಲಿ ರೌಂಡ್-ಆಫ್ ಹೊಡೆದು ಸ್ಪ್ರಿಂಗ್ ಬೋರ್ಡ್ ಮೇಲೆ ಪಾದ ಇಟ್ಟು, ಬೆನ್ನು ಹಿಂದಾಗಿ 125 ಸೆಂಟಿಮೀಟರ್ ಎತ್ತರದ ಟೇಬಲ್‌ಗೆ ಹಾರಬೇಕು. ಕೈ ಗೆರೆ ಬಿಟ್ಟು ಬಿದ್ದರೆ ಪಾದ ಬೋರ್ಡಿನ ಅಂಚಿಗೆ ಹೋಗುತ್ತದೆ. ಅದಕ್ಕೇ ಬೋರ್ಡಿನ ಸುತ್ತ ಸೇಫ್ಟಿ ಕಾಲರ್ ಎಂಬ ರಕ್ಷಣಾ ಮ್ಯಾಟ್ ಕಡ್ಡಾಯ, ಅದಿಲ್ಲದೆ ಹಾರಿದರೆ ಅಂಕ ಸೊನ್ನೆ. ಸೊಟ್ಟ ರೌಂಡ್-ಆಫ್ ಇರುವ ಹುಡುಗಿಯನ್ನು ಯಾವ ಒಳ್ಳೆಯ ಕೋಚ್ ಕೂಡ ಆ ವಾಲ್ಟ್‌ಗೆ ಬಿಡುವುದಿಲ್ಲ, ಬಿಡಲೂಬಾರದು. ನನ್ನನ್ನು ಬಿಡಲಿಲ್ಲ, ಅದು ಸರಿಯೇ. ಮುಂದಿನಿಂದ ಹೋಗುವ ಹ್ಯಾಂಡ್‌ಸ್ಪ್ರಿಂಗ್ ವಾಲ್ಟ್ ಒಂದರಲ್ಲೇ ಉಳಿದೆ, ಆಯ್ಕೆಗೆ ಅದು ಸಾಲಲಿಲ್ಲ.

ಈಗ ಬ್ಯಾಕ್ ಟಕ್‌ನ ಅವಸರದ ಲೆಕ್ಕ ನೋಡಿ. ಅಂತರರಾಷ್ಟ್ರೀಯ ಫೆಡರೇಷನ್‌ನ ಅಂಕ ಪದ್ಧತಿಯಲ್ಲಿ ಫ್ಲೋರ್‌ನಲ್ಲಿ ಬ್ಯಾಕ್ ಟಕ್ ಎ ದರ್ಜೆಯದು, ಅಂದರೆ ಅತಿ ಕೆಳಗಿನದು, ಕಷ್ಟದ ಅಂಕಕ್ಕೆ ಸೇರುವುದು 0.1. ಅದೇ ಹೊತ್ತಿಗೆ ಅಂದದ ಅಂಕ 10ರಿಂದ ಕೆಳಗಿಳಿಯುತ್ತಾ ಹೋಗುತ್ತದೆ: ಸಣ್ಣ ತಪ್ಪಿಗೆ 0.1, ಮಧ್ಯಮಕ್ಕೆ 0.3, ದೊಡ್ಡದಕ್ಕೆ 0.5, ಬಿದ್ದರೆ ಪೂರ್ತಿ 1. ಕಾಲು ಬಿಟ್ಟು, ಇಳಿದು ಒಂದು ಹೆಜ್ಜೆ ಇಟ್ಟ ಬ್ಯಾಕ್ ಟಕ್ ಮಾಡದಿದ್ದರೇ ಲಾಭ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ದೀಪಾ ಕರ್ಮಾಕರ್ ವಾಲ್ಟ್‌ನಲ್ಲಿ 15.066 ತೆಗೆದು ನಾಲ್ಕನೆಯವರಾದರು, ಕಂಚಿಗೆ ಕಡಿಮೆಯಾದದ್ದು 0.150. ಆ ಮಟ್ಟದಲ್ಲೂ ಎಣಿಸುವುದು ಇಂಥ ಚೂರುಗಳನ್ನೇ.

ತಡವಾಯಿತಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹುಡುಗಿಯರ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್ 2019ರಲ್ಲಿ ಹಂಗೇರಿಯಲ್ಲಿ ಶುರುವಾಯಿತು, ಅದರಲ್ಲಿ ಆಡುವವರು 14–15ರವರು. ಸೀನಿಯರ್ ಆಗಲು ಆ ವರ್ಷದೊಳಗೆ 16 ತುಂಬಬೇಕು. ನಿಮ್ಮ ಮಗಳಿಗೆ ಐದು ವರ್ಷ ಇದೆ. ನಡುವೆ ಜಿಲ್ಲೆ, ರಾಜ್ಯ, ಶಾಲಾ ಕ್ರೀಡಾಕೂಟದ 14ರೊಳಗಿನ ವಿಭಾಗ, ಫೆಡರೇಷನ್‌ನ ಸಬ್-ಜೂನಿಯರ್, ಆಮೇಲೆ ಜೂನಿಯರ್. ಎಲ್ಲ ಕಡೆ ಜನನ ಪ್ರಮಾಣಪತ್ರ ಕೇಳುತ್ತಾರೆ. ಆಧಾರ್, ಶಾಲೆಯ ದಾಖಲೆ, ಜನನ ಪ್ರಮಾಣಪತ್ರ ಮೂರರಲ್ಲೂ ಹೆಸರಿನ ಅಕ್ಷರ ಮತ್ತು ತಾರೀಖು ಒಂದೇ ಇದೆಯಾ ಇವತ್ತೇ ನೋಡಿಕೊಳ್ಳಿ.

ಮುಂದಿನ ಒಂದು ವರ್ಷ ನಿಮ್ಮೂರಲ್ಲೇ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಹೊಟ್ಟೆ ಗೋಡೆ ಕಡೆ ಮಾಡಿ ಹ್ಯಾಂಡ್‌ಸ್ಟ್ಯಾಂಡ್, ಮೂಗು ಮತ್ತು ಕಾಲ್ಬೆರಳು ಮಾತ್ರ ಗೋಡೆಗೆ ತಾಗಬೇಕು, 60 ಸೆಕೆಂಡ್ ಬರುವವರೆಗೆ. ಗೋಡೆಗೆ ಬೆನ್ನು ಹಾಕಿ ನಿಲ್ಲಿಸಬೇಡಿ, ಸೊಂಟ ಬಾಗುವುದು ಅಲ್ಲೇ ಶುರುವಾಗುತ್ತದೆ. ಅಂಗಾತ ಮಲಗಿ ಕೆಳಬೆನ್ನು ನೆಲಕ್ಕೆ ಒತ್ತಿ, ಭುಜ ಮತ್ತು ಕಾಲು ಎತ್ತಿ ಹಿಡಿಯುವ ಹಾಲೋ ಹೋಲ್ಡ್ 30 ಸೆಕೆಂಡ್‌ನಂತೆ ಮೂರು ಸಲ. ಆಮೇಲೆ 20–25 ಸೆಂಟಿಮೀಟರ್ ಎತ್ತರದ ಗಟ್ಟಿ, ಅಲುಗಾಡದ ಪೆಟ್ಟಿಗೆ ಮೇಲೆ ಕೈಯಿಟ್ಟು ಹ್ಯಾಂಡ್‌ಸ್ಟ್ಯಾಂಡ್‌ನಿಂದ ಎರಡೂ ಪಾದ ಜೋಡಿಸಿ ನೆಲಕ್ಕೆ ಇಳಿಸುವುದು. ಕೈ ಎತ್ತರದಲ್ಲಿರುವುದರಿಂದ ಎದೆ ಮೇಲೇಳಲು ಸಮಯ ಸಿಗುತ್ತದೆ, ತಳ್ಳುವುದೆಂದರೆ ಏನೆಂದು ಭುಜಕ್ಕೆ ತಿಳಿಯುತ್ತದೆ. ಕೊನೆಗೆ ಸೀಮೆಸುಣ್ಣದ ಗೆರೆ ಎಳೆದು ರೌಂಡ್-ಆಫ್, ಇಳಿದ ತಕ್ಷಣ ನೇರ ಮೇಲಕ್ಕೆ ಒಂದು ಜಿಗಿತ, ಅಷ್ಟೇ. ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಸದ್ಯಕ್ಕೆ ಪೂರ್ತಿ ನಿಲ್ಲಿಸಿ. ಮಗಳು ಅಳುತ್ತಾಳೆ, ಆದರೂ ನಿಲ್ಲಿಸಿ. ದಿನಕ್ಕೆ ಇಪ್ಪತ್ತು ಒಳ್ಳೆಯ ರೌಂಡ್-ಆಫ್ ಸಾಕು. ಪಕ್ಕದಿಂದ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ತೆಗೆದು, ಪಾದ ತಾಗುವ ಚಿತ್ರ ನಿಲ್ಲಿಸಿ ನೋಡಿ: ಕೈ ನೆಲ ಬಿಟ್ಟಿದೆಯಾ? ಆಕಾರ ಕೆಟ್ಟ ಮೇಲೆ ಇನ್ನೊಂದು ಬೇಡ.

ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ ಇದ್ದರೆ 5 ಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಪಟ್ಟಿ ಬಣ್ಣದಲ್ಲಿ ಬಳಿಯಿರಿ, ಬ್ಯಾಲೆನ್ಸ್ ಬೀಮ್‌ನ ಅಳತೆ ಅದೇ. ನಡಿಗೆ, ಒಂಟಿಕಾಲಿನ ತಿರುವು, ಬಟ್ಟೆ ಹಾಸಿ ಹ್ಯಾಂಡ್‌ಸ್ಟ್ಯಾಂಡ್, ಇಷ್ಟಕ್ಕೆ ಆ ಅಂಗಳ. ಅಲ್ಲಿ ಲಾಗ ಖಂಡಿತ ಬೇಡ. ರೌಂಡ್-ಆಫ್ ಗಟ್ಟಿ ಫೋಮ್ ಮ್ಯಾಟ್ ಮೇಲೆ ಮಾತ್ರ. ಮಳೆಗಾಲದಲ್ಲಿ ಮ್ಯಾಟನ್ನು ನೆಲಕ್ಕೆ ಹಾಸಿಟ್ಟರೆ ವಾರದಲ್ಲಿ ಅಡಿಭಾಗಕ್ಕೆ ಬೂಷ್ಟು ಹಿಡಿದು ಜಾರುತ್ತದೆ, ಹಲಗೆಯ ಮೇಲೆ ನಿಲ್ಲಿಸಿಡಿ. ಬಾರ್ ಹಿಡಿಯಲು ಕೈಗೆ ಹಚ್ಚುವ ಮೆಗ್ನೀಷಿಯಂ ಕಾರ್ಬೊನೇಟ್ ಪುಡಿಯೂ ನಮ್ಮ ತೇವಕ್ಕೆ ಮುದ್ದೆಯಾಗುತ್ತದೆ, ಗಾಳಿಯಾಡದ ಡಬ್ಬಿಯಲ್ಲಿರಲಿ.

ನೋವಿನ ವಿಷಯದಲ್ಲಿ ಧೈರ್ಯ ಹೇಳಬೇಡಿ, ಕೇಳಿಸಿಕೊಳ್ಳಿ. ಮಣಿಕಟ್ಟಿನ ನೋವು ಎರಡು ವಾರ ದಾಟಿದರೆ ಮೂಳೆ ವೈದ್ಯರಿಗೆ ತೋರಿಸಿ. ಆ ವಯಸ್ಸಿನಲ್ಲಿ ಮೂಳೆಯ ತುದಿ ಇನ್ನೂ ಬೆಳೆಯುತ್ತಿರುತ್ತದೆ, ಮತ್ತೆ ಮತ್ತೆ ಭಾರ ಬಿದ್ದರೆ ಅಲ್ಲೇ ಹಾಳಾಗುತ್ತದೆ. ಹಿಂದಕ್ಕೆ ಬಾಗಿದಾಗ ಕೆಳಬೆನ್ನು ನೊಂದರೆ ಅವತ್ತಿಗೇ ನಿಲ್ಲಿಸಬೇಕು, ಬೆನ್ನುಮೂಳೆಯಲ್ಲಿ ಸಣ್ಣ ಬಿರುಕು ಹೀಗೇ ಶುರುವಾಗುವುದು. ಸರಸರನೆ ಎತ್ತರ ಬೆಳೆಯುವ ತಿಂಗಳುಗಳಲ್ಲಿ ಹಿಮ್ಮಡಿ ನೋಯುತ್ತದೆ, ಆಗ ಜಿಗಿದು ಇಳಿಯುವುದನ್ನು ಕಡಿಮೆ ಮಾಡಿ. ತೂಕ ಹೆಚ್ಚಾಗಬಾರದೆಂದು ಊಟ ಕಡಿಮೆ ಮಾಡಿಸುವವರ ಹತ್ತಿರ ಮಗುವನ್ನು ಬಿಡಲೇಬೇಡಿ.

ಬೆಂಗಳೂರು ಬೇಡ ಅನ್ನುತ್ತಿಲ್ಲ. ಫೋಮ್ ತುಂಡು ತುಂಬಿದ ಗುಂಡಿ, ಸ್ಪ್ರಿಂಗ್ ಫ್ಲೋರ್, ಸರಿಯಾದ ಬಾರ್ ಇಲ್ಲದೆ ಜೂನಿಯರ್ ಮಟ್ಟ ಸಾಧ್ಯವಿಲ್ಲ, ಇವತ್ತಲ್ಲ ನಾಳೆ ಹೋಗಲೇಬೇಕು. ನೇರ ಕಾಲಿನ ರೌಂಡ್-ಆಫ್, ಗೋಡೆಯಿಲ್ಲದೆ ನಿಲ್ಲುವ ಹ್ಯಾಂಡ್‌ಸ್ಟ್ಯಾಂಡ್, ಎರಡೂ ಕಡೆ ಪೂರ್ತಿ ಸ್ಪ್ಲಿಟ್ ಬಂದ ಮೇಲೆ ಹೋಗಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳ ಆಯ್ಕೆ ಯಾವಾಗ, ಜಿಮ್ನಾಸ್ಟಿಕ್ಸ್ ಎಲ್ಲಿದೆ ಅನ್ನುವುದನ್ನು ಶಿವಮೊಗ್ಗದ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಖಾಸಗಿ ಕೇಂದ್ರವಾದರೆ ಹಣ ಕಟ್ಟುವ ಮುಂಚೆ ಮಗಳನ್ನು ಕರೆದುಕೊಂಡು ಹೋಗಿ ಒಂದು ಸಂಜೆ ಪೂರ್ತಿ ಕೂತು ನೋಡಿ. ಹೊಸ ಮಗುವಿಗೆ ಮೊದಲ ಮೂರು ತಿಂಗಳು ಏನು ಕಲಿಸುತ್ತೀರಿ ಎಂದು ಕೋಚನ್ನು ಕೇಳಿ. ಹ್ಯಾಂಡ್‌ಸ್ಟ್ಯಾಂಡ್, ಇಳಿಯುವುದು, ರೌಂಡ್-ಆಫ್ ಅಂದರೆ ಸೇರಿಸಿ. ಬ್ಯಾಕ್ ಟಕ್ ಅಂದರೆ ಅದೇ ರಾತ್ರಿ ಬಸ್ಸಿಗೆ ವಾಪಸ್ ಬನ್ನಿ.